ಸಂಕೇತ ನಾಲ್ಕು: ಗಂಡನ ಸಹಿ

ಹೋದ ತಿಂಗಳು ನಮ್ಮ ವಿಭಾಗದಲ್ಲಿ ಒಂದು ಉಪನ್ಯಾಸವಿತ್ತು. ಜಗತ್ತಿನಲ್ಲಿ ನಡೆಯುವ ಗರ್ಭಪಾತಗಳಲ್ಲಿ ಎಷ್ಟು ಸುರಕ್ಷಿತ, ಎಷ್ಟು ಅಲ್ಲ ಎಂಬುದನ್ನು ಹೇಗೆ ಅಂದಾಜು ಮಾಡುತ್ತಾರೆ ಎಂಬುದು ವಿಷಯ. ಪರದೆಯ ಮೇಲೆ ಭೂಪಟ ಬಂತು. ದೇಶಗಳಿಗೆಲ್ಲ ಒಂದೇ ಬಣ್ಣ, ಕೆಲವಕ್ಕೆ ತಿಳಿ, ಕೆಲವಕ್ಕೆ ಗಾಢ. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಗೋವೆಯ ಪಕ್ಕದಲ್ಲಿ, ಸೂಜಿಯ ಮೊನೆಯಷ್ಟೂ ಇಲ್ಲದ ಜಾಗದಲ್ಲಿ ದಾಂಡೇಲಿ ಇರಬೇಕೆಂದು ಕಣ್ಣಿನಲ್ಲೇ ಹುಡುಕಿದೆ. ಹುಡುಕುತ್ತಿದ್ದ ಹಾಗೆ, ಕಿಟಕಿ ಮುಚ್ಚಿದ ಆ ತಣ್ಣನೆಯ ಕೋಣೆಯಲ್ಲಿ, ಒದ್ದೆ ಮರ ಬೆಂದ ಹುಳಿ ವಾಸನೆ ಮೂಗಿಗೆ ಬಂದಂತಾಯಿತು.

ಅದು ಕಾಗದದ ಕಾರ್ಖಾನೆಯ ವಾಸನೆ. ಮಳೆಗಾಲದಲ್ಲಿ ಮೋಡ ಕೆಳಗಿಳಿದಾಗ ಅದು ಮೇಲೆ ಹೋಗದೆ ಊರಿನ ಮೇಲೇ ಕೂತಿರುತ್ತದೆ. ಒಣಗದ ಬಟ್ಟೆಗೆ, ತಲೆಗೂದಲಿಗೆ, ಡಬ್ಬಿಯ ಚಪಾತಿಗೆ ಹತ್ತುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಐದು ತಿಂಗಳು ನಾನು ಆ ವಾಸನೆಯಲ್ಲಿದ್ದೆ. ಆಮೇಲೆ ಆ ಊರಿಗೆ ಹೋಗಿಲ್ಲ.

ನನ್ನ ಊರು ತುಮಕೂರು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ವರ್ಷ ಒಂದು ಸಮೀಕ್ಷೆಯಲ್ಲಿ ಕೆಲಸ ಸಿಕ್ಕಿತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕು ತಾಲೂಕುಗಳಲ್ಲಿ ಪಟ್ಟಿಯಲ್ಲಿದ್ದ ಮನೆಗಳಿಗೆ ಹೋಗಿ ಹೆಂಗಸರನ್ನು ಮಾತಾಡಿಸಬೇಕಿತ್ತು. ತರಬೇತಿಯಲ್ಲಿ ಮೂರು ಪದ ಕಲಿಸಿದ್ದರು: ಸುರಕ್ಷಿತ, ಕಡಿಮೆ ಸುರಕ್ಷಿತ, ಅಸುರಕ್ಷಿತ. ಗರ್ಭ ತೆಗೆದ ವಿಧಾನ ಸರಿಯಾಗಿದ್ದು, ತೆಗೆದವರು ತರಬೇತಿ ಪಡೆದವರಾಗಿದ್ದರೆ ಮೊದಲನೆಯದು. ಎರಡರಲ್ಲಿ ಒಂದಿದ್ದರೆ ಎರಡನೆಯದು. ಎರಡೂ ಇಲ್ಲದಿದ್ದರೆ ಮೂರನೆಯದು. ಆದರೆ ಯಾರ ಮನೆಯ ಬಾಗಿಲಲ್ಲಿ ನಿಂತು "ನೀವು ಗರ್ಭ ತೆಗೆಸಿದ್ದೀರಾ" ಎಂದು ಕೇಳಿದರೂ ಇಲ್ಲ ಎಂಬ ಉತ್ತರವೇ ಬರುತ್ತದೆ. ಅದಕ್ಕೊಂದು ಉಪಾಯ ಇತ್ತು. ಅವರ ಬಗ್ಗೆ ಕೇಳದೆ ಅವರ ಗೆಳತಿಯರ ಬಗ್ಗೆ ಕೇಳುವುದು, ಅದೂ ಹೆಸರು ಕೇಳದೆ. ಮೊದಲ ಪ್ರಶ್ನೆ ಹೀಗಿತ್ತು: ನಿಮ್ಮ ಗುಟ್ಟನ್ನು ನೀವು ಹೇಳಿಕೊಳ್ಳುವ, ತನ್ನ ಗುಟ್ಟನ್ನು ನಿಮಗೆ ಹೇಳಿಕೊಳ್ಳುವ ಹೆಂಗಸರು ಎಷ್ಟು ಜನ? ಎರಡೂ ಕಡೆಯಿಂದ ಇರಬೇಕು. ಒಂದೇ ಕಡೆಯಿಂದ ಇದ್ದರೆ ಲೆಕ್ಕಕ್ಕಿಲ್ಲ.

ದಾಂಡೇಲಿಯಲ್ಲಿ ಕಾರ್ಮಿಕರ ಸಾಲುಮನೆಯೊಂದರಲ್ಲಿ ಕೋಣೆ ಹಿಡಿದೆ. ನನ್ನ ಕೋಣೆಗೂ ಪಕ್ಕದ ಮನೆಗೂ ನಡುವೆ ಇದ್ದ ಗೋಡೆ ಚಾವಣಿಯ ತಗಡಿನ ತನಕ ಹೋಗಿರಲಿಲ್ಲ, ಮೇಲೆ ಒಂದು ಮೊಳ ಖಾಲಿ ಬಿಟ್ಟಿದ್ದರು. ಅವರ ಮನೆಯ ಮಾತೆಲ್ಲ ನನಗೆ ಕೇಳುತ್ತಿತ್ತು. ನನ್ನ ಕಡೆಯಿಂದ ಅವರಿಗೆ ಕೇಳಲು ಏನೂ ಇರಲಿಲ್ಲ.

ಆ ಮನೆಯಲ್ಲಿ ಬಸವರಾಜ ಎಂಬುವರು, ಅವರ ತಾಯಿ ಕಲ್ಲವ್ವ, ಹೆಂಡತಿ ರೇಣುಕಾ, ಹತ್ತು ತಿಂಗಳ ಹೆಣ್ಣು ಕೂಸು. ಬೈಲಹೊಂಗಲದ ಕಡೆಯವರು. ಬಸವರಾಜ ಕಾರ್ಖಾನೆಗೆ ಬರುವ ಕಟ್ಟಿಗೆ ಲಾರಿ ಇಳಿಸುವ ಗುತ್ತಿಗೆ ಕೆಲಸದಲ್ಲಿದ್ದರು. ರೇಣುಕಾಗೆ ನನ್ನದೇ ವಯಸ್ಸು, ಇಪ್ಪತ್ತನಾಲ್ಕು. ಬಂದ ಮೂರನೇ ದಿನ ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು ಬಾಗಿಲಿಗೆ ಬಂದಳು.

"ಅಕ್ಕಾರ, ನೀವು ಒಳಗ ಅದೀರೋ ಇಲ್ಲೋ ಅಂತ ನಮ್ಮತ್ತಿ ದಿನಾ ಪಂಥ ಕಟ್ತಾಳ್ರಿ. ಇವತ್ತ ನಾ ಗೆದ್ದೆ."

ಮಾತು ಬೆಳೆಸುವುದು ನನಗೆ ಬರುವುದಿಲ್ಲ. ಏನಾದರೂ ಹೇಳಬೇಕಲ್ಲ ಎಂದು, ಕ್ಷೇತ್ರಕ್ಕೆ ಹೋಗುವ ಮೊದಲು ಒಬ್ಬರ ಮೇಲೆ ಪ್ರಶ್ನೆಗಳನ್ನು ಅಭ್ಯಾಸ ಮಾಡಬೇಕಿದೆ, ಆಗುತ್ತದೆಯೇ ಎಂದು ಕೇಳಿದೆ. ಅವಳಿಗೆ ಖುಷಿಯಾಯಿತು. ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು. ನಾನು ಟ್ಯಾಬ್ಲೆಟ್ ತೆರೆದು ಗುಟ್ಟಿನ ಪ್ರಶ್ನೆ ಓದಿದೆ.

"ನಮ್ಮೂರಾಗ ಇದ್ರು. ಇಲ್ಲಿ..." ಎಂದು ಸ್ವಲ್ಪ ಯೋಚಿಸಿ ನನ್ನ ಕಡೆ ಬೆರಳು ಮಾಡಿದಳು. "ಒಬ್ಬಾಕಿ. ನೀವ."

"ನಾನು ಆಗಲ್ಲ," ಎಂದೆ. "ಅವರೂ ತಮ್ಮ ಗುಟ್ಟು ನಿಮಗೆ ಹೇಳಿರಬೇಕು. ನಾನು ನಿಮಗೆ ಏನೂ ಹೇಳಿಲ್ಲ."

"ಹೇಳ್ರಿ ಮತ್ತ."

ನಾನು ನಕ್ಕೆ. ಅವಳು ಕಾಯುತ್ತಿದ್ದಳು. ನನಗೆ ಏನೂ ಹೊಳೆಯಲಿಲ್ಲ, ಹೊಳೆದಿದ್ದರೂ ಹೇಳುತ್ತಿರಲಿಲ್ಲ. ಕೂಸು ಟ್ಯಾಬ್ಲೆಟ್ಟಿನ ಮೇಲೆ ಕೈ ಬಡಿಯಿತು.

"ಹಂಗಾರ ಸೊನ್ನಿ ಬರ್ಕೋರಿ," ಎಂದು ರೇಣುಕಾ ಎದ್ದಳು. "ನಮ್ಮತ್ತಿ ಕರ್ಯಾಕತ್ಯಾಳ."

ಕಲ್ಲವ್ವ ಕರೆದಿರಲಿಲ್ಲ. ಗೋಡೆ ಅಷ್ಟು ಗಿಡ್ಡವಾಗಿದ್ದರಿಂದ ನನಗೆ ಗೊತ್ತಿತ್ತು. ಸೊನ್ನೆ ಬರೆದುಕೊಂಡೆ.

ಮಳೆ ಹಿಡಿದ ಮೇಲೆ ದಿನಗಳು ಒಂದೇ ತರಹ ಆದವು. ಬೆಳಿಗ್ಗೆ ಏಳರ ಬಸ್ಸು, ಯಾವುದೋ ಊರಿನ ತಿರುವಿನಲ್ಲಿ ಇಳಿಯುವುದು, ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದು. ಜೋಯಿಡಾ ಕಡೆ ಕೊಂಕಣಿ. ಅಲ್ಲಿ ಜೊತೆಗೆ ಬರುತ್ತಿದ್ದ ಹುಡುಗಿ ಪ್ರಶ್ನೆ ಕೇಳುತ್ತಿದ್ದಳು, ನಾನು ಸುಮ್ಮನೆ ಗುರುತು ಹಾಕುತ್ತಿದ್ದೆ. ಮುಂಡಗೋಡದ ಕಡೆ ಹೋದಾಗ ಅತ್ತಿವೇರಿಯ ಕೆರೆ ಏರಿಯ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದೆ. ಸಂಜೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ, ಆ ದಿನ ಪ್ರಶ್ನೆಗಳನ್ನು ಬಿಟ್ಟು ಬೇರೆ ಒಂದು ಮಾತೂ ಆಡಿಲ್ಲವಲ್ಲ ಎಂದು ಎಷ್ಟೋ ಸಲ ಅನ್ನಿಸಿದ್ದಿದೆ. ಅದು ಬೇಸರ ಎಂದು ಆಗ ನನಗೆ ಗೊತ್ತಾಗಲಿಲ್ಲ. ಕೆಲಸ ಚೊಕ್ಕವಾಗಿ ನಡೆಯುತ್ತಿದೆ ಎಂದುಕೊಂಡಿದ್ದೆ.

ಸನವಳ್ಳಿಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಬದುವಿನ ಮೇಲೆ ಊಟಕ್ಕೆ ಕೂತಿದ್ದಾಗ ಒಬ್ಬಾಕೆಯನ್ನು ಪಕ್ಕಕ್ಕೆ ಕರೆದು ಗುಟ್ಟಿನ ಪ್ರಶ್ನೆ ಕೇಳಿದೆ.

"ಒಂದೈತ್ರಿ, ನಮ್ಮ ಎಮ್ಮಿ," ಎಂದಳು. "ಎಲ್ಲಾ ಅದಕ್ಕ ಹೇಳ್ತೇನಿ. ಯಾರ ಮುಂದೂ ಬಾಯಿ ಬಿಡೂದಿಲ್ಲ."

"ಅದೂ ತನ್ನ ಗುಟ್ಟು ನಿಮಗೆ ಹೇಳಬೇಕಲ್ಲ."

"ಹೇಳ್ತೈತಿ ತಗೋರಿ. ಹಾಲ ಹಿಂಡುವಾಗ ಒದ್ದ ಹೇಳ್ತೈತಿ!"

ದೂರದಲ್ಲಿ ಕಿವಿಗೊಟ್ಟು ಕೂತಿದ್ದವರೆಲ್ಲ ನಕ್ಕರು. ಆಮೇಲೆ ಅವಳೇ ದನಿ ತಗ್ಗಿಸಿ, "ಒಬ್ಬಾಕಿ ಗೆಳತಿ ಅದಾಳ್ರಿ," ಎಂದು ಶುರು ಮಾಡಿದಳು. ಗೆಳತಿ ಬಸಿರಾಗಿದ್ದು, ಮೆಡಿಕಲ್ ಅಂಗಡಿಯಿಂದ ಗುಳಿಗೆ ತರಿಸಿದ್ದು, ವಾರಗಟ್ಟಲೆ ರಕ್ತ ಹೋಗಿದ್ದು. ಹೇಳುತ್ತ ಹೇಳುತ್ತ ಅವಳ ಕೈ ತನ್ನ ಕಿಬ್ಬೊಟ್ಟೆಯ ಮೇಲೆ ಹೋಯಿತು. ಹೀಗೆ ಕೈ ಹೋಗುವುದನ್ನು ಬಹಳ ಜನರಲ್ಲಿ ನೋಡಿದ್ದೆ. ಬರೆದುಕೊಳ್ಳುತ್ತಿರಲಿಲ್ಲ. ಅದಕ್ಕೆ ಖಾನೆ ಇರಲಿಲ್ಲ.

ದವಾಖಾನೆಗೆ ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆಗೆ ಖಾನೆಗಳಿದ್ದವು. ದೂರ ಎಂದರೆ ಒಂದು, ಖರ್ಚು ಎಂದರೆ ಎರಡು, ಯಾರಾದರೂ ನೋಡಿಯಾರೆಂಬ ಹೆದರಿಕೆ ಮೂರು, ಗಂಡನ ಸಹಿ ಕೇಳಿದರು ಎಂದರೆ ನಾಲ್ಕು. ನಾಲ್ಕನ್ನು ನಾನು ಪದೇ ಪದೇ ಒತ್ತುತ್ತಿದ್ದೆ. ಹದಿನೆಂಟು ದಾಟಿದ ಹೆಂಗಸಿಗೆ ತನ್ನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ. ಇದನ್ನು ತರಬೇತಿಯ ಮೊದಲ ದಿನವೇ ಹೇಳಿದ್ದರು. ಎರಡನೇ ದಿನ ಹೇಳಿದ್ದು, ಮಾಹಿತಿ ಕೇಳಿ, ಸಲಹೆ ಕೊಡಬೇಡಿ ಎಂದು. ಒಂದು ಮನೆಯಲ್ಲಿ ಕೊಟ್ಟ ಸಲಹೆ ಮುಂದಿನ ಮನೆಯ ಉತ್ತರವನ್ನು ಬದಲಿಸುತ್ತದೆ. ನನಗೆ ಅದು ಸರಿ ಎನ್ನಿಸಿತ್ತು. ಪಾಲಿಸಲು ಕಷ್ಟವೂ ಆಗಲಿಲ್ಲ.

ಆಗಸ್ಟಿನಲ್ಲಿ ಒಂದು ಸಂಜೆ ರೇಣುಕಾ ಬಾಗಿಲಿಗೆ ಬಂದಳು. ಆ ಸೊನ್ನೆ ಬರೆದ ದಿನದಿಂದ ನಮ್ಮ ನಡುವೆ ನಲ್ಲಿಯ ಹತ್ತಿರ "ಚಹಾ ಆತೇನ್ರಿ" ಎಂಬಷ್ಟೇ ಮಾತಿತ್ತು. ನಾನು ಆ ದಿನದ ಫಾರ್ಮುಗಳನ್ನು ಕಳಿಸುತ್ತಿದ್ದೆ. ನೆಟ್‌ವರ್ಕ್ ಬಂದು ಬಂದು ಹೋಗುತ್ತಿತ್ತು. ಅವಳು ಕೂರಲಿಲ್ಲ.

"ಅಕ್ಕಾರ, ನಮ್ಮ ಗೆಳತಿ ಒಬ್ಬಾಕಿ ಅದಾಳ್ರಿ. ಹೋದ ಹೆರಗ್ಯಾಗ ಅಕಿಗೆ ಭಾಳ ರಕ್ತ ಹೋಗಿತ್ತು. ಎರಡ ವರ್ಷ ಬ್ಯಾಡ ಅಂದಿದ್ರು ಡಾಕ್ಟರ. ಈಗ ಮತ್ತ ಬಸರ ನಿಂತೈತಿ. ದವಾಖಾನಿಗೆ ಹೋಗಿದ್ಲಂತ. ಗಂಡನ ಸಹಿ ಬೇಕು ಅಂತ ವಾಪಸ್ ಕಳಿಸ್ಯಾರ. ಹಂಗ ಕೇಳ್ತಾರೇನ್ರಿ?"

ನನ್ನ ಕಣ್ಣು ಪರದೆಯ ಮೇಲಿತ್ತು. ಮನಸ್ಸು ತನ್ನಷ್ಟಕ್ಕೆ ನಾಲ್ಕು ಎಂದಿತು.

"ಹೌದು," ಎಂದೆ. "ತುಂಬ ಕಡೆ ಹಾಗೇ ಕೇಳ್ತಾರೆ."

ಅವಳು ಕೇಳಿದ್ದಕ್ಕೆ ಅದು ಸರಿಯಾದ ಉತ್ತರ. ಕೇಳುತ್ತಾರೆಯೇ ಎಂದಳು, ಕೇಳುತ್ತಾರೆ ಎಂದೆ. ಆ ಎರಡು ತಿಂಗಳಲ್ಲಿ ನಾನು ಕಂಡದ್ದೂ ಅದೇ. ಕೇಳಬಾರದು ಎಂಬುದು ನನ್ನ ತಲೆಯಲ್ಲಿ ಬೇರೆ ಎಲ್ಲೋ ಇತ್ತು. ಅದು ನಾಲಿಗೆಯ ತನಕ ಬರಲಿಲ್ಲ. ಗೆಳತಿ ಎಂದರೆ ಯಾರು ಎಂದು ಜಿಲ್ಲೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಆಗ ಯಾರಿದ್ದರು? ಆದರೂ ತಲೆಯೆತ್ತಿ ಅವಳ ಕೈ ಎಲ್ಲಿದೆ ಎಂದು ನೋಡಲಿಲ್ಲ.

"ಹೌದಲ್ಲ," ಎಂದು ಹೇಳಿ ಅವಳು ಹೋದಳು.

ಹತ್ತು ದಿನ ಕಳೆದಿರಬೇಕು. ಕಲ್ಲವ್ವ ಮಗಳ ಮನೆಗೆಂದು ಹಳಿಯಾಳಕ್ಕೆ ಹೋಗಿದ್ದಳು. ಬಸವರಾಜ ಬೆಳಗಿನ ಪಾಳಿಗೆ ಹೋದ ಮೇಲೆ ಗೋಡೆಯಾಚೆ ಕೂಸು ಅಳಲು ಶುರು ಮಾಡಿತು. ನಾನು ತಲೆ ಬಾಚಿಕೊಂಡೆ, ಡಬ್ಬಿ ಕಟ್ಟಿಕೊಂಡೆ, ಕೊಡೆ ತಗೊಂಡೆ. ಕೂಸು ಅಳುತ್ತಲೇ ಇತ್ತು. ಸಮಾಧಾನ ಮಾಡುವ ದನಿ ಕೇಳಲಿಲ್ಲ. ಕರೆಯದೆ ಇನ್ನೊಬ್ಬರ ಮನೆಗೆ ಹೋಗುವ ರೂಢಿ ನನಗಿಲ್ಲ. ಬಾಗಿಲಿಗೆ ಕೀಲಿ ಹಾಕಿ ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸು ಬಂತು, ಜನ ಹತ್ತಿದರು. ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದೆ. ಹಿಂದಿನಿಂದ ಯಾರೋ "ಹತ್ರಿ ಬಾಯಾರ, ಇಲ್ಲಾ ದಾರಿ ಬಿಡ್ರಿ" ಎಂದರು. ದಾರಿ ಬಿಟ್ಟೆ.

ಅವರ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಕೂಸು ನೆಲದ ಮೇಲೆ ಒದ್ದೆಯಲ್ಲಿ ಬಿದ್ದಿತ್ತು. ರೇಣುಕಾ ಬಚ್ಚಲಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತುಟಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, "ಕೂಸಿಗೆ ಹಾಲ ಕುಡಿಸಿಲ್ರಿ," ಎಂದಳು.

ಆಟೋದಲ್ಲಿ ಅವಳ ತಲೆ ನನ್ನ ಹೆಗಲ ಮೇಲಿತ್ತು, ಕೂಸು ತೊಡೆಯ ಮೇಲೆ. ಎರಡೂ ತೂಕ ನನಗೆ ಹೊಸವು. ದವಾಖಾನೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಸುದ್ದಿ ತಿಳಿದು ಬಸವರಾಜ ಕಾರ್ಖಾನೆಯಿಂದ ಓಡಿ ಬಂದರು, ಮೈಯೆಲ್ಲ ಮರದ ಹೊಟ್ಟು. ಡಾಕ್ಟರಮ್ಮ ರೇಣುಕಾಳನ್ನು ಕೇಳುತ್ತಿದ್ದರು. "ಏನ್ ತಗೊಂಡಿ? ಯಾವಾಗ ತಗೊಂಡಿ? ಹೇಳಿದ್ರ ನಮಗ ತಿಳೀತೈತಿ."

"ಏನೂ ಇಲ್ರಿ. ಹಂಗ ಆತು."

ಮೂರು ಸಲ ಕೇಳಿದರು. ಮೂರು ಸಲವೂ ಗಂಡನ ಮುಖ ನೋಡಿ ಅದೇ ಉತ್ತರ. ನಾನು ಕೂಸನ್ನು ಬಸವರಾಜರ ಕೈಗೆ ಕೊಟ್ಟು, "ಇದಕ್ಕೆ ಹಾಲು ಕುಡಿಸಿಕೊಂಡು ಬನ್ನಿ, ಒಣ ಬಟ್ಟೆ ಬೇಕು," ಎಂದು ಹೊರಗೆ ಕಳಿಸಿದೆ. ಮಂಚದ ಪಕ್ಕ ಬಗ್ಗಿ ಕೂತೆ. ದಿನಾ ಕೇಳುವ ದನಿಯಲ್ಲೇ ಕೇಳಿದೆ.

"ರೇಣುಕಾ, ನಿಮ್ಮ ಗೆಳತಿ ಒಬ್ಬರಿದ್ದರಲ್ಲ. ಅವರಿಗೆ ಎಷ್ಟು ತಿಂಗಳಾಗಿತ್ತು?"

ಅವಳು ಕಣ್ಣು ತೆರೆದು ನನ್ನನ್ನು ಬಹಳ ಹೊತ್ತು ನೋಡಿದಳು.

"ಅಕಿಗೆ... ಮೂರು ದಾಟಿತ್ರಿ. ಹಾಲ ಕುಡಸ್ತಿದ್ಲು, ಮುಟ್ಟ ಸರಿ ಬರತಿರಲಿಲ್ಲ. ತಿಳೀಲಿಲ್ಲ ಅಕಿಗೆ."

"ಎಲ್ಲಿಂದ ಗುಳಿಗೆ ತಗೊಂಡರು?"

"ಅಂಗಡ್ಯಾಗ. ಎರಡ ತಿಂಗಳ ಅಂತ ಸುಳ್ಳ ಹೇಳಿ ತಗೊಂಡ್ಲು."

"ಯಾವಾಗ ನುಂಗಿದರು?"

"ಮೊನ್ನೆ ಶುರು ಮಾಡಿದ್ಲು. ನಿನ್ನೆ ಮಧ್ಯಾಹ್ನದಿಂದ ಹೋಗಾಕತ್ತೈತಿ ಅಕಿಗೆ. ನಿಂತಿಲ್ಲ." ಆಮೇಲೆ, "ಅಕಿ ಸಾಯ್ತಾಳೇನ್ರಿ?"

ಡಾಕ್ಟರಮ್ಮ ಅಷ್ಟರಲ್ಲಿ ಕೈಗವಸು ಹಾಕಿಕೊಂಡಿದ್ದರು. "ಸಾಯೂದಿಲ್ಲ," ಎಂದರು. "ನಿನ್ನ ಗೆಳತಿಗೆ ಹೇಳು, ಕಾಲ ಮಡಚಿ ಮಲಗಂತ."

ಒಳಗೆ ಉಳಿದಿದ್ದನ್ನು ತೆಗೆದರು, ಸಲೈನ್ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ರಕ್ತ ನಿಂತಿತು. ನನ್ನ ಮೇಲ್ವಿಚಾರಕರ ಫೋನ್ ಬಂತು. ಇವತ್ತಿನ ಹಳ್ಳಿ ಯಾಕೆ ಆಗಿಲ್ಲ? ಪಕ್ಕದ ಮನೆಯವರಿಗೆ ಹುಷಾರಿಲ್ಲ ಎಂದೆ. ಆ ಮನೆ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಯಾವ ಅಂದಾಜಿನಲ್ಲೂ, ಯಾವ ಬಣ್ಣದಲ್ಲೂ ರೇಣುಕಾ ಇಲ್ಲ.

ನಾಲ್ಕನೇ ದಿನ ಅವಳು ಮನೆಗೆ ಬಂದಳು. ನಾನು ಹಣ್ಣು ತಗೊಂಡು ಹೋದೆ. ಕಲ್ಲವ್ವ ಕೂಸನ್ನೆತ್ತಿಕೊಂಡು ಹೊರಗೆ ಹೋದಳು. ಮಾತಾಡಲು ಬಿಟ್ಟುಕೊಟ್ಟಳೋ, ನನ್ನ ಮುಖ ನೋಡಲೊಲ್ಲದೆ ಹೋದಳೋ, ನನಗೆ ಗೊತ್ತಾಗಲಿಲ್ಲ. ಅವಳೊಬ್ಬಳೇ ಇದ್ದಾಗ ಹೇಳಲೇಬೇಕೆಂದು ಹಣ್ಣಿನ ಅಂಗಡಿಯಿಂದ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ.

"ಗಂಡನ ಸಹಿ ಬೇಕಿರಲಿಲ್ಲ," ಎಂದೆ. "ನಿಮ್ಮದೊಂದೇ ಸಾಕಿತ್ತು. ಅವರು ಕೇಳಿದ್ದು ತಪ್ಪು."

ತಗಡಿನ ಮೇಲೆ ಮಳೆ ಬೀಳುತ್ತಿತ್ತು.

"ನಾ ಕೇಳಿದಾಗ ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ಗೊತ್ತಿದ್ದೂ ಹೌದು ಅಂದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಾಳೆ ನೋಡುವವರ ಹಾಗೆ ಕೇಳಿದಳು. ನಾನು ಏನನ್ನೋ ವಿವರಿಸಲು ಹೋದೆ, ನಿಯಮ, ಸಲಹೆ, ಆ ದಿನ ನೆಟ್‌ವರ್ಕ್. ಅವಳು ಗೋಡೆಯ ಕಡೆ ಹೊರಳಿದಳು. "ಹಣ್ಣ ಅಲ್ಲಿಡ್ರಿ," ಎಂದಳು.

ಆಮೇಲೆ ಅವಳು ನನ್ನ ಜೊತೆ ಮಾತಾಡಲಿಲ್ಲ. ನಲ್ಲಿಯ ಹತ್ತಿರ ನಾನು ಬಂದರೆ ಕೊಡ ಅರ್ಧಕ್ಕೇ ಎತ್ತಿಕೊಂಡು ಹೋಗುತ್ತಿದ್ದಳು. ಒಂದು ದಿನ ಅಲ್ಲಿ ಕಲ್ಲವ್ವ ನನ್ನನ್ನು ತಡೆದಳು.

"ನನಗ ತಿಳಿದಿಲ್ಲ ಅಂದ್ಕೊಂಡೀರೇನು? ನಮ್ಮ ಕಾಲಕ್ಕ ನಾವೂ ಏನೇನೋ ಕುಡದೇವಿ. ಅಕಿ ಒಂದ ಮಾತ ಅಂದಿದ್ರ ನಾನ ಕರಕೊಂಡ ಹೋಗ್ತಿದ್ದೆ. ಅತ್ತೀನ ಕೇಳೂದು ಹೆಂಗ ಅಂತ ಅಕಿ, ಕೇಳದ ಹೇಳೂದು ಹೆಂಗ ಅಂತ ನಾನು." ಕೊಡ ತಲೆಗೇರಿಸಿಕೊಂಡು, "ಒಂದ ಒಲಿ ಸುತ್ತ ಕುಂತ ಉಣ್ಣೂ ಮಂದಿ ನಾವು," ಎಂದು ಹೋದಳು.

ಆಮೇಲಿನ ಎರಡು ತಿಂಗಳಲ್ಲಿ ಇದ್ದಷ್ಟು ಒಂಟಿಯಾಗಿ ನಾನು ಹಿಂದೆ ಇದ್ದಿಲ್ಲ, ಆಮೇಲೂ ಇದ್ದಿಲ್ಲ. ಮೊದಲು ಗೋಡೆಯಾಚೆಯ ಮಾತು ಕೇಳುತ್ತಿದ್ದರೆ ಯಾರದೋ ರೇಡಿಯೋ ಎಂಬಂತೆ ಇರುತ್ತಿತ್ತು. ಈಗ ಅವಳು ನಕ್ಕರೆ ನನಗೆ ಸಮಾಧಾನ, ಕೆಮ್ಮಿದರೆ ದಿಗಿಲು. ಅವಳಿಗೂ ನಾನು ಕೇಳಿಸಲಿ ಎಂದು ಕೆಲವೊಮ್ಮೆ ಪಾತ್ರೆಯನ್ನು ಜೋರಾಗಿ ಇಡುತ್ತಿದ್ದೆ. ಕೆಲಸದಲ್ಲೂ ಒಂದು ಬದಲಾವಣೆ ಆಯಿತು. ಪ್ರಶ್ನೆ ಮುಗಿದು ಟ್ಯಾಬ್ಲೆಟ್ ಮುಚ್ಚಿದ ಮೇಲೆ ಪ್ರತಿ ಮನೆಯಲ್ಲೂ ಒಂದು ವಾಕ್ಯ ಹೇಳಿ ಏಳುತ್ತಿದ್ದೆ: ಇದಕ್ಕೆ ಗಂಡನ ಸಹಿ ಬೇಕಿಲ್ಲ, ನಿಮ್ಮದೊಂದೇ ಸಾಕು. ಮೇಲ್ವಿಚಾರಕರಿಗೆ ಗೊತ್ತಾಗಿ, ಉಳಿದ ಹಳ್ಳಿಗಳ ಉತ್ತರ ಕೆಡುತ್ತದೆ ಎಂದು ಬೈದರು. ಅವರು ಹೇಳಿದ್ದು ಸರಿಯಾಗಿತ್ತು. ನಾನು ನಿಲ್ಲಿಸಲಿಲ್ಲ.

ಅಕ್ಟೋಬರಿನ ಕೊನೆಗೆ ಸಾಮಾನು ಕಟ್ಟುತ್ತಿದ್ದೆ. ಮಳೆ ನಿಂತು ಎಳೆಬಿಸಿಲು ಬಿದ್ದಿತ್ತು. ಬಾಗಿಲು ಬಡಿದ ಸದ್ದು. ರೇಣುಕಾ. ಅವಳ ಹಿಂದೆ ಸೆರಗು ಬಾಯಿಗೊತ್ತಿಕೊಂಡು ಸಾಲಿನ ಕೊನೆಯ ಮನೆಯ ಶೋಭಾ. ಶೋಭಾಳ ಗಂಡ ಗೋವೆಯಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕಿದ್ದ. ಚೌತಿಗೆ ಬಂದು ಹೋಗಿದ್ದ.

"ನನಗ ಹೇಳಿದ್ದು ಇಕಿಗೂ ಹೇಳ್ರಿ," ಎಂದಳು ರೇಣುಕಾ. ನನ್ನ ಮುಖ ನೋಡಲಿಲ್ಲ. ನನಗೆ ಬೆನ್ನು ಮಾಡಿ ಹೊಸ್ತಿಲ ಮೇಲೆ ಕೂತಳು.

ಶೋಭಾಳನ್ನು ಕೂರಿಸಿ ಹೇಳಿದೆ. ಎಲ್ಲಿ ಹೋಗಬೇಕು, ಮೊದಲು ತಪಾಸಣೆ ಯಾಕೆ, ಎಷ್ಟು ಬೇಗ ಹೋದರೆ ಒಳ್ಳೆಯದು, ಯಾರ ಒಪ್ಪಿಗೆ ಬೇಕು. ಒಂದು ಮಾತೂ ಬಿಡದೆ ಹೇಳಿದೆ. ಮುಗಿದ ಮೇಲೆ ರೇಣುಕಾ ಕೂತಲ್ಲಿಂದಲೇ ಅಂದಳು.

"ನಾಳೆ ನೀವೂ ಬರ್ರಿ. ಅಲ್ಲಿ ಮತ್ತ ಸಹಿ ಅಂದ್ರ ನಮ್ಮ ಮಾತ ನಡಿಯೂದಿಲ್ಲ."

ಮರುದಿನ ನಾವು ಮೂವರು ಹೋದೆವು. ರೇಣುಕಾಳನ್ನು ವಾಪಸ್ ಕಳಿಸಿದ್ದ ದವಾಖಾನೆಯೇ ಅದು. ಅಲ್ಲಿಗೇ ಹೋಗಬೇಕೆಂದು ಹಟ ಹಿಡಿದವಳು ಅವಳು. ಮೇಜಿನ ಹಿಂದಿದ್ದ ಹೆಂಗಸು ಕಾಗದ ತೆಗೆಯುವ ಮೊದಲೇ, "ಯಜಮಾನ್ರು ಬಂದಾರೇನ್ರಿ? ಸಹಿ ಬೇಕು," ಎಂದಳು.

"ಬೇಕಾಗಿಲ್ರಿ," ಎಂದಳು ರೇಣುಕಾ. "ಇಕೀದೊಂದ ಸಾಕು. ಕಾನೂನ ಐತಿ."

"ಯಾರ ಹೇಳಿದ್ರವಾ ನಿನಗ ಕಾನೂನ?"

ನಾನು ಮುಂದೆ ಬಂದೆ. ಜನರ ಎದುರು ದನಿ ಎತ್ತಿದ್ದು ನನಗೆ ನೆನಪಿಲ್ಲ, ಅವತ್ತೂ ಎತ್ತಲಿಲ್ಲ. ನಿಧಾನವಾಗಿ, ಎರಡು ಸಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೇಕಿದ್ದರೆ ಒಳಗೆ ಡಾಕ್ಟರನ್ನು ಕೇಳಿ ಬನ್ನಿ, ನಾವು ಇಲ್ಲೇ ನಿಂತಿರುತ್ತೇವೆ ಎಂದೆ. ಅವಳು ನಮ್ಮ ಮೂವರನ್ನೂ ನೋಡಿ, ಎದ್ದು ಒಳಗೆ ಹೋದಳು. ಹಿಂದೆ ಪಾಳಿಯಲ್ಲಿದ್ದವರು ಗೊಣಗಿದರು. ಶೋಭಾ ರೇಣುಕಾಳ ಸೀರೆಯ ಅಂಚು ಹಿಡಿದುಕೊಂಡಿದ್ದಳು. ತಿರುಗಿ ಬಂದವಳು ಕಾಗದವನ್ನು ಶೋಭಾಳ ಕಡೆ ತಿರುಗಿಸಿ ಪೆನ್ನು ಇಟ್ಟಳು.

ಶೋಭಾ ಬರೆದು ಬಹಳ ವರ್ಷವಾಗಿತ್ತು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಮೊದಲ ಅಕ್ಷರಕ್ಕೇ ಬಹಳ ಹೊತ್ತು ತೆಗೆದುಕೊಂಡಳು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು, ಕಾಗದ ಏಳುತ್ತಿತ್ತು. ರೇಣುಕಾ ಒಂದು ಅಂಚಿಗೆ ಅಂಗೈ ಒತ್ತಿ ಹಿಡಿದಳು. ಇನ್ನೊಂದು ಅಂಚು ಹಾರುತ್ತಿತ್ತು. ಅವಳು ನನ್ನ ಕಡೆ ನೋಡಿದಳು. ನಾನು ಅಲ್ಲಿ ಕೈ ಇಟ್ಟೆ.